ಹಾಲೆ ಮರದ ಗುಂಡು ತಗಡು

ಈ ಸಲದ ಆಸಾಡಿ ಅಮಾವಾಸ್ಯೆಯ ಬೆಳಿಗ್ಗೆ ಕೇರಿಯ ಯುವಕ ಸಂಘದ ಹುಡುಗನೊಬ್ಬ ನೀರಿನ ಬಾಟಲಿಯಲ್ಲಿ ಕಷಾಯ ತಂದು ಜಗುಲಿಯ ಮೇಲಿಟ್ಟ. ಈಗ ತೊಗಟೆ ತರಲು ಮನೆಮನೆಯಿಂದ ಯಾರೂ ಹೋಗುವುದಿಲ್ಲ. ಸಂಘದವರು ಒಂದೇ ಕಡೆ ಅರೆದು, ಸೋಸಿ, ಹಂಚಿಬಿಡುತ್ತಾರೆ. ಮುಚ್ಚಳ ತಿರುಗಿಸಿದೆ. ಮೊದಲು ಬೆಳ್ಳುಳ್ಳಿ, ಓಮ, ಕಾಳುಮೆಣಸು. ಆಮೇಲೆ ಅವುಗಳ ಅಡಿಯಿಂದ ಹಸಿ ತೊಗಟೆಯ ಕಹಿ ವಾಸನೆ ನಿಧಾನವಾಗಿ ಎದ್ದು ಬಂತು...

"ಹಾಲ್ ಬಂದಿತಾ?" ಎಂದು ಕೇಳಿದೆ.

"ಎಂತ ಹಾಲ್ ಅಜ್ಜಯ್ಯ?"

"ಮರ ಕೆತ್ತುವತಿಗೆ. ಹಾಲ್ ಬಂತಾ ಕಂಡಿರ್ಯಾ?"

"ಬಂತ್, ಬಂತ್," ಎಂದ ಹುಡುಗ ನನ್ನ ಮುಖ ನೋಡಲಿಲ್ಲ. ಆಗಲೇ ಬೈಕು ಹತ್ತಿಯಾಗಿತ್ತು.

ಇಷ್ಟೇ ಹಗುರವಾಗಿ, ಇದೇ ಮಾತನ್ನು ಒಮ್ಮೆ ನಾನೂ ಹೇಳಿದ್ದೆ. ಆ ಮಾತನ್ನು ನಂಬಿದವರು ಈಗಿಲ್ಲ. ಅವರನ್ನು ಮಾಷ್ಟ್ರು ಎಂದಷ್ಟೇ ಕರೆಯುತ್ತೇನೆ. ಅವರ ಹೆಸರನ್ನು ನನ್ನ ಕೈಯಿಂದ ಬರೆಯುವ ಧೈರ್ಯ ಇನ್ನೂ ಬಂದಿಲ್ಲ.

ನಮ್ಮ ಕಡೆಯ ಈ ಪದ್ಧತಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆಷಾಢದ ಅಮಾವಾಸ್ಯೆಯಂದು ಬೆಳಕು ಹರಿಯುವ ಮುಂಚೆ ಮನೆಯ ಗಂಡಸೊಬ್ಬ ಹಾಡಿಗೆ ಹೋಗಿ ಹಾಲೆ ಮರದ ತೊಗಟೆ ತರಬೇಕು. ಹಾಡಿ ಎಂದರೆ ಊರಂಚಿನ ಕಾಡು. ದೀಪ ಒಯ್ಯುವಂತಿಲ್ಲ, ಮಾತಾಡುವಂತಿಲ್ಲ, ಕತ್ತಿ ತಾಗಿಸುವಂತಿಲ್ಲ. ಬೆಣಚುಕಲ್ಲಿನಿಂದ ಜಜ್ಜಿಯೇ ತೊಗಟೆ ಎಬ್ಬಿಸಬೇಕು. ಅದನ್ನು ಅರೆದು ಬರಿಹೊಟ್ಟೆಯಲ್ಲಿ ಕುಡಿದರೆ ವರ್ಷವಿಡೀ ಜ್ವರ ಹತ್ತಿರ ಸುಳಿಯದೆಂದು ನಂಬಿಕೆ. ಕತ್ತಲಲ್ಲಿ ಮರ ತಪ್ಪಿಹೋಗದಿರಲೆಂದು ಹಿಂದಿನ ದಿನ ಹಗಲಿನಲ್ಲೇ ಹೋಗಿ, ಉಗುರಿನಿಂದ ಕೆರೆದು, ಬಿಳಿ ಹಾಲು ಜಿನುಗಿದ್ದನ್ನು ಕಣ್ಣಾರೆ ಕಂಡು, ಮರಕ್ಕೊಂದು ನೂಲು ಕಟ್ಟಿ ಬರುತ್ತಿದ್ದರು. ನೂಲು ಕಟ್ಟಿದವನೇ ಮರುದಿನ ತೊಗಟೆ ತರಬೇಕು. ಬೇರೆಯವನನ್ನು ಕಳಿಸಬಾರದು. ಏಕೆಂದು ನಮಗ್ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ನಮ್ಮ ಊರು ಕೊಕ್ಕರ್ಣೆಯ ಕಡೆ, ಹೊಳೆಯಿಂದ ಸ್ವಲ್ಪ ಮೇಲೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬ್ರಹ್ಮಾವರದಲ್ಲಿ ಬೋರ್ಡು ಬರೆಯುವ ಕೆಲಸ ಹಿಡಿದಿದ್ದೆ. ಅಂಗಡಿಗಳ ಹೆಸರು, ಬಸ್ಸುಗಳ ಹಣೆಯ ಮೇಲಿನ ಊರುಗಳು, ಹೋಟೆಲಿನ ತಿಂಡಿಯ ಪಟ್ಟಿ. ಕರಾವಳಿ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷ ಕಳೆದಿದ್ದವು. ಘಟ್ಟದ ಮೇಲಿಂದ ಮೇಷ್ಟರುಗಳು ನಮ್ಮ ಶಾಲೆಗಳಿಗೆ ಬರತೊಡಗಿದ್ದರು. ಹಾಗೆ ಬಂದವರಲ್ಲಿ ಇವರೊಬ್ಬರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ತೆಳ್ಳಗಿನ ಉದ್ದ ಆಳು. ಒಂಟಿ. ಸಮುದ್ರವನ್ನು ಅದೇ ಮೊದಲು ಕಂಡದ್ದಂತೆ. ನಮ್ಮ ಮಳೆಗೆ ಅವರ ಕೊಡೆ ಮೊದಲ ತಿಂಗಳೇ ಸೋತಿತ್ತು.

ಅವರು ಬಿಡಾರ ಹೂಡಿದ್ದು ನಮ್ಮ ಮನೆಯ ಪಕ್ಕದ ಮೇಲ್ಮನೆಯಲ್ಲಿ. ಆ ಮನೆಯಲ್ಲಿ ಇದ್ದವರು ದೊಡ್ಡಮ್ಮ ಮತ್ತು ಅವರ ಒಬ್ಬನೇ ಮಗ. ದೊಡ್ಡಮ್ಮ ನನಗೆ ರಕ್ತಸಂಬಂಧಿಯಲ್ಲ, ಕೇರಿಗೆಲ್ಲ ದೊಡ್ಡಮ್ಮ. ಮಗ ನನ್ನ ಓರಗೆಯವನು, ಗೆಳೆಯ. ಗದ್ದೆ ನೋಡಿಕೊಂಡಿದ್ದ. ನನ್ನನ್ನು ಹೆಸರು ಹಿಡಿದು ಕರೆದವನೇ ಅಲ್ಲ, "ಬೋರ್ಡ್" ಎನ್ನುತ್ತಿದ್ದ.

ಮಾಷ್ಟ್ರ ಹೊರಕೋಣೆಯಲ್ಲಿ ಮಂಚಕ್ಕಿಂತ ಗಿಡಗಳಿಗೇ ಹೆಚ್ಚು ಜಾಗ. ಹಳೆಯ ಪೇಪರುಗಳ ನಡುವೆ ಎಲೆ, ಹೂ, ಬಳ್ಳಿ ಇಟ್ಟು, ಮೇಲೆ ಮುರಕಲ್ಲು ಹೇರಿ ಒಣಗಿಸುತ್ತಿದ್ದರು. ನಮ್ಮ ಮಳೆಗಾಲದಲ್ಲಿ ಏನು ಒಣಗೀತು? ಎಲೆಗಳ ಮೇಲೆ ಬೂಷ್ಟು ಹಿಡಿಯುತ್ತಿತ್ತು. ಬಾಗಿಲು ತೆರೆದರೆ ನುಸಿಗುಳಿಗೆ ಮತ್ತು ಕೊಳೆತ ಎಲೆಯ ವಾಸನೆ. ರಜೆ ಸಿಕ್ಕಿದರೆ ಮರವಂತೆಯ ಮರಳಿಗೆ ಹೋಗಿ ರಾವಣನ ಮೀಸೆ ತರುವರು. ಗಾಳಿಗೆ ಮರಳ ಮೇಲೆ ಚೆಂಡಿನಂತೆ ಉರುಳುವ ಆ ಮುಳ್ಳುಹುಲ್ಲಿಗೆ ಉಪ್ಪು ನೆಲವೇ ತವರು ಎನ್ನುವರು. ಕುಂದಾಪುರದ ಹಿನ್ನೀರಿನಲ್ಲಿ ಕೆಸರಿಗೆ ಇಳಿದು ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲ ಮರದ ಕೋಡು ಕಿತ್ತು ತಂದು, ಅದರ ಬೀಜ ತಾಯಿಮರದಲ್ಲಿ ಇರುವಾಗಲೇ ಮೊಳೆಯುವುದೆಂದು ತೋರಿಸುವರು. ಬೈಂದೂರಿನ ಆಚೆ ಗುಡ್ಡದ ಪಾರೆಯ ಮೇಲೆ, ಬೆರಳಿನ ಉಗುರಿಗಿಂತ ಸಣ್ಣದಾದ, ನುಸಿ ಹಿಡಿದು ತಿನ್ನುವ ಕೆಂಪು ಗಿಡವೊಂದಿದೆ. ಅದರ ಮೈತುಂಬ ಇಬ್ಬನಿಯಂಥ ಅಂಟಿನ ಹನಿಗಳು. ಅದನ್ನು ಭೂತಗನ್ನಡಿಯಲ್ಲಿ ನಮಗೆ ತೋರಿಸಿದಾಗ ದೊಡ್ಡಮ್ಮ ಒಮ್ಮೆ ನೋಡಿ ಮುಖ ತಿರುಗಿಸಿದರು. "ಚಂದ ಇತ್ತ್. ಚಂದ ಇಪ್ದೇ ಹಿಡುಕೆ," ಎಂದು ಒಳಗೆ ಹೋದರು.

ಹಾಡಿಯ ಮರಗಳಿಗೆ ಹೆಸರಿನ ತಗಡು ನೇತುಹಾಕುವ ಯೋಚನೆ ಮಾಷ್ಟ್ರದ್ದು. ಶಾಲೆಗೆ ಹೋಗುವ ಮಕ್ಕಳು ಆ ದಾರಿಯಲ್ಲೇ ನಡೆಯುತ್ತಿದ್ದರು. ಸೀಮೆಎಣ್ಣೆ ಡಬ್ಬಿಯನ್ನು ಕತ್ತರಿಸಿ ಚೌಕ ತಗಡು ಮಾಡಿಕೊಂಡು ನನ್ನ ಹತ್ತಿರ ಬಂದರು. ಬಿಳಿ ಬಣ್ಣದ ಮೇಲೆ ಕಪ್ಪಕ್ಷರದಲ್ಲಿ ಮೂರು ಸಾಲು. ಮೊದಲನೆಯದು ನಮ್ಮ ಊರು ಕರೆಯುವ ಹೆಸರು, ಎರಡನೆಯದು ಶಾಸ್ತ್ರದ ಹೆಸರು ಮತ್ತು ಕುಟುಂಬ, ಮೂರನೆಯದು ತವರು. ನಾನು ಬರೆಯುತ್ತಿದ್ದರೆ ಅವರು ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಹಾಲೆಯ ಎಲೆಗಳು ಏಳೇಳು ಒಂದೇ ಗಂಟಿನಿಂದ ಛತ್ರಿಯ ಕಡ್ಡಿಗಳಂತೆ ಹೊರಡುತ್ತವೆ. ಅದರ ಹಗುರ ಮರದಿಂದ ಮಕ್ಕಳು ಬರೆಯುವ ಹಲಗೆ ಮಾಡುತ್ತಿದ್ದರು. ಅದಕ್ಕೇ ಅಲ್‌ಸ್ಟೋನಿಯ ಸ್ಕೊಲಾರಿಸ್, ಶಾಲೆಯ ಮರ. ಆ ಹೆಸರು ಹೇಳುವಾಗ ಅವರ ಮುಖ ಅರಳುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟುತ್ತದೆ...

ಸಂಜೆ ಮೇಲ್ಮನೆಯ ಜಗುಲಿಯಲ್ಲಿ ಇದೇ ಮಾತು.

"ಹ್ವಾಯ್ ಮಾಷ್ಟ್ರೇ, ಮರಕ್ಕೂ ಬಳಿ ಇತ್ತಾ?" ಎಂದು ಗೆಳೆಯ ಕೆಣಕುತ್ತಿದ್ದ.

"ಬಳಿ ಅಂದ್ರೇನ್ರೀ?"

"ನಮ್ಗೆ ಇಪ್ದಲ್ದಾ. ಒಂದೇ ಬಳಿಯರ್ ಮದಿ ಆಪುಕಾಗ ಅಂದೇಳಿ."

"ಓ, ಗೋತ್ರದ ಹಾಗೆ, ಒಳಗೊಳಗೇ ಮದುವೆ ಇಲ್ಲ. ಹಾಗಾದ್ರೆ ಇದೆ. ಹಾಲೆ, ಕಣಗಿಲೆ, ದೇವಕಣಗಿಲೆ ಒಂದೇ ಬಳಿ. ಎಲ್ಲಿ ಮುರಿದ್ರೂ ಹಾಲು ಬರುತ್ತೆ, ನೋಡಿ."

"ಹಂಗಾರೆ ಹಾಲಿಗೂ ಕಣಗಿಲೆಗೂ ಮದಿ ಮಾಡುಕಾಗ. ಬೋರ್ಡ್, ಅದ್ನೂ ಒಂದ್ ಬದಿಗೆ ಬರಿ ಮಾರಾಯ."

ದೊಡ್ಡಮ್ಮನಿಗೆ ಸಿಟ್ಟು ಬಂದದ್ದು ಗೇರಿನ ತಗಡಿಗೆ. ತವರು ಬ್ರೆಜಿಲ್ ಎಂದು ಬರೆದದ್ದನ್ನು ಮಗ ಓದಿ ಹೇಳಿದ.

"ಸುಳ್ಳ್," ಎಂದರು. "ನನ್ ಅಜ್ಜಿ ಮದಿ ಆಯಿ ಬಪ್ಪತಿಗೇ ಆ ಮರ ಇದ್ದಿತ್."

"ನಿಮ್ಮಜ್ಜಿಗಿಂತ ಮುಂಚೆಯೇ ಬಂದಿರಬಹುದು ದೊಡ್ಡಮ್ಮ. ಆದರೆ ಹಡಗಿನಲ್ಲಿ ಬಂದದ್ದೇ."

"ಬಂದ್ರೆ ಬರ್ಲಿ. ಈಗ ನಮ್ದೇ. ನೀವೂ ಬಂದರೇ ಅಲ್ದಾ?"

ಮಾಷ್ಟ್ರು ತಲೆ ತಗ್ಗಿಸಿ ನಕ್ಕರು.

ಹಾಡಿಯಲ್ಲಿ ಹಾಲೆಯ ಪಕ್ಕದಲ್ಲೇ, ಕೊಂಬೆಗೆ ಕೊಂಬೆ ತಾಗುವಷ್ಟು ಹತ್ತಿರ, ಒಂದು ಕಾಸರಕದ ಮರವಿತ್ತು. ಮಾಷ್ಟ್ರು ಅದನ್ನೂ ವಿವರಿಸಿದ್ದರು. ಎದುರುಬದುರಾಗಿ ಹೊಳೆಯುವ ಎಲೆ, ಬುಡದಿಂದಲೇ ಕವಲೊಡೆದು ತುದಿಯವರೆಗೆ ಓಡುವ ನರಗಳು, ಕಿತ್ತಳೆಯಂಥ ಕಾಯಿ, ಒಳಗೆ ಗುಂಡಿಯಂಥ ಬೀಜ. ಬೀಜದಿಂದ ತೊಗಟೆಯವರೆಗೆ ವಿಷ. ತವರು ನಮ್ಮದೇ ಊರು. ಅದಕ್ಕೂ ತಗಡು ಬೇಕೆಂದಾಗ ದೊಡ್ಡಮ್ಮ ಒಪ್ಪಲಿಲ್ಲ.

"ಅದಕ್ ಬ್ಯಾಡ. ಹೆಸ್ರ್ ಬರ್ದ್ ನೇಲ್ಸಿದ್ರೆ ಕರ್ದಂಗೆ ಆತ್ತ್."

"ಮಕ್ಕಳಿಗೆ ಗೊತ್ತಾಗಲಿ ಅಂತ, ದೊಡ್ಡಮ್ಮ."

"ಮಕ್ಕಳಿಗ್ ಗೊತ್ತಿತ್ತ್. ನಿಮ್ಗೇ ಗೊತ್ತಿಲ್ಲ."

ಮಾಷ್ಟ್ರು ಒತ್ತಾಯಿಸಲಿಲ್ಲ. ಇಡೀ ಹಾಡಿಯ ದಾರಿಯಲ್ಲಿ ಹೆಸರಿಲ್ಲದೆ ಉಳಿದದ್ದು ಅದೊಂದೇ ಮರ.

ಹಾಲೆಯ ತಗಡು ಗುಂಡಗಾದದ್ದು ಗೆಳೆಯನ ತಮಾಷೆಯಿಂದ. "ನಿಮ್ ಬೋರ್ಡ್ ಎಲ್ಲ ಸಮ ಮಾಷ್ಟ್ರೇ. ಅಮಾಸಿ ಕತ್ತಲಿಗೆ ಓದುದ್ ಹ್ಯಾಂಗೆ? ಬೆರ್ಳಿಗೆ ಕಣ್ ಇತ್ತಾ?" ಎಂದಿದ್ದ. ಮರುದಿನ ಮಾಷ್ಟ್ರು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತಂದು ನನ್ನ ಮುಂದಿಟ್ಟರು. ಹಾಲೆಗೆ ಮಾತ್ರ ಗುಂಡು, ಉಳಿದವಕ್ಕೆಲ್ಲ ಚೌಕ. ಕತ್ತಲಲ್ಲಿ ಸವರಿದರೆ ಸಾಕು. ಆ ವರ್ಷದ ಅಮಾವಾಸ್ಯೆಗೆ ಗೆಳೆಯ ನೂಲು ಕಟ್ಟದೆಯೇ ಹೋಗಿ, ಗುಂಡು ತಗಡು ಸವರಿ ತೊಗಟೆ ತಂದ. ಎಲ್ಲರೂ ಕುಡಿದೆವು. ಏನೂ ಆಗಲಿಲ್ಲ. ಕೇರಿಯ ಬೇರೆ ಮನೆಯವರೂ ಇನ್ನು ನೂಲು ಯಾಕೆ ಎಂದರು. ದೊಡ್ಡಮ್ಮ ಮಾತ್ರ ಗೊಣಗುತ್ತಿದ್ದರು. "ನೂಲ್ ಕಟ್ಟಿದ್ ಕೈ ಮರ ಕಾಣ್ತ್. ತಗಡ್ ಎಂತ ಕಾಣ್ತ್?"

ಮರುವರ್ಷ ಮಳೆ ವಿಪರೀತ. ಹೊಳೆ ಗದ್ದೆಗೆ ನುಗ್ಗಿತ್ತು, ರಾತ್ರಿಯೆಲ್ಲ ಹಾಡಿಯ ಕಡೆಯಿಂದ ಕೊಂಬೆ ಮುರಿಯುವ ಸದ್ದು ಬರುತ್ತಿತ್ತು. ಆ ಸಲ ಇಡೀ ಕೇರಿಗೆ ಮೇಲ್ಮನೆಯಿಂದ ಒಬ್ಬರೇ ತೊಗಟೆ ತರುವುದೆಂದಾಯಿತು. ಆ ಕೆಲಸವನ್ನು ಗೆಳೆಯ ಮಾಷ್ಟ್ರಿಗೆ ವಹಿಸಿದ.

"ಈ ಸರ್ತಿ ನೀವೇ ತನ್ನಿ. ನೀವೂ ಈ ಮನಿಯೋರೇ ಆಯಿದ್ರಿ. ಆರೆ ಬಟ್ಟಿ ಬಿಚ್ಚಿ ಹೋಯ್ಕ್, ಹಿಂದಿನರ್ ಹಂಗೇ ಹೋತಿದ್ದದ್."

"ಪಂಚೆ ಉಟ್ಕೊಂಡೇ ಹೋಗ್ತೀನಿ ಮಾರಾಯ್ರೆ, ಜ್ವರ ಬಂದ್ರೂ ಪರವಾಗಿಲ್ಲ," ಎಂದು ಮಾಷ್ಟ್ರು ನಕ್ಕರು. ಅವರಿಗೆ ಸಂತೋಷವಾಗಿತ್ತು. ಘಟ್ಟದ ಮೇಲಿನವರೊಬ್ಬರ ಕೈಯಿಂದ ನಮ್ಮ ಕೇರಿ ಆಸಾಡಿ ತೊಗಟೆ ತೆಗೆದುಕೊಳ್ಳುವುದು ಸಣ್ಣ ಸಂಗತಿಯಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಅವರು ಕೊಡೆ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಉಡುಪಿಯಲ್ಲಿ ಏನೋ ಮೀಟಿಂಗು, ಹೋಗಲೇಬೇಕಿತ್ತು.

"ಹಾಲೆ ಮರದ ತಗಡು ಬಿದ್ದಿದೆ ಕಣ್ರೀ. ತಂತಿ ತುಕ್ಕು ತಿಂದಿದೆ. ಬೆಳಕಿದ್ದಾಗಲೇ ಹೋಗಿ ಕಟ್ಟಿಬಿಡ್ತೀರಾ? ಕೆರೆದು ನೋಡಿ. ಹಾಲು ಬಂದ್ರೆ ಮಾತ್ರ ಕಟ್ಟಿ."

ಆಗಲಿ ಎಂದೆ. ಆ ದಿನ ಒಂದು ಬಸ್ಸಿನ ಬೋರ್ಡು ಮುಗಿಸುವುದಿತ್ತು. ಬ್ರಹ್ಮಾವರದಿಂದ ಹಿಂದಿರುಗಿ ಹಾಡಿಗೆ ಕಾಲಿಡುವಾಗ ಹೊತ್ತು ಮುಳುಗಿತ್ತು.

ಇಲ್ಲಿಂದ ಮುಂದೆ ನಾನು ಬರೆಯುವುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನನ್ನ ಹೆಂಡತಿಗೂ ಹೇಳಲಿಲ್ಲ.

ಹಾಡಿಯ ಬಾಯಲ್ಲಿ ಹಾಯ್ಗುಳಿ ದೈವದ ಕಲ್ಲೊಂದಿದೆ. ಆಷಾಢದಲ್ಲಿ, ಅದರಲ್ಲೂ ಅಮಾವಾಸ್ಯೆಯ ಮುನ್ನಾದಿನ, ಮುಸ್ಸಂಜೆ ಮೇಲೆ ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ. ಓದಿದವನೆಂಬ ಗರ್ವದಲ್ಲಿ ನಾನು ಆ ಭಯವನ್ನು ಎಲ್ಲರೆದುರು ಗೇಲಿ ಮಾಡಿದವನು. ಅಂದು ಒಬ್ಬನೇ ಆ ಕಲ್ಲು ದಾಟಿದಾಗ ಮಳೆ ಒಮ್ಮೆಲೇ ನಿಂತಿತು. ಹಾಡಿ ಸದ್ದಿಲ್ಲದೆ ಹನಿಯುತ್ತಿತ್ತು. ಗುಂಡು ತಗಡು ಎರಡು ಮರಗಳ ನಡುವೆ ಕೆಸರಿನಲ್ಲಿ ಮಗುಚಿ ಬಿದ್ದಿತ್ತು. ಎರಡೂ ಬೊಡ್ಡೆಗಳಿಗೆ ಒಂದೇ ಹಾಸಿನ ಪಾಚಿ. ಎಲೆ ನೋಡೋಣವೆಂದು ತಲೆಯೆತ್ತಿದರೆ ಮೇಲೆಲ್ಲ ಒಂದೇ ಕಪ್ಪು. ಅಷ್ಟರಲ್ಲಿ ಹಿಂದೆ ಏನೋ ಸರಿದಂತಾಯಿತು. ಬಿದ್ದ ಕೊಂಬೆಯೋ, ಮುಳ್ಳುಹಂದಿಯೋ... ಏನೆಂದು ತಿರುಗಿ ನೋಡಲೂ ನನ್ನಿಂದಾಗಲಿಲ್ಲ. ದಾರಿಗೆ ಹತ್ತಿರವಿದ್ದ ಬೊಡ್ಡೆಗೆ ತಂತಿ ಸುತ್ತಿ ತಗಡು ಬಿಗಿದೆ. ಇನ್ನೊಂದು ಮರದ ಬಳಿ ಹೋಗಲು ನಾಲ್ಕು ಹೆಜ್ಜೆ ಪೊದೆಯೊಳಗೆ ಇಡಬೇಕಿತ್ತು. ಇಡಲಿಲ್ಲ. ಕೆರೆಯಲಿಲ್ಲ. ಓಡಿ ಬಂದೆ.

ಮಾಷ್ಟ್ರು ಕೊನೆಯ ಬಸ್ಸಿಗೆ ಬಂದವರು ನೇರ ನಮ್ಮ ಜಗುಲಿಗೆ ಬಂದರು. ನಾನು ಒದ್ದೆ ತಲೆ ಒರೆಸಿಕೊಳ್ಳುತ್ತಿದ್ದೆ.

"ಕಟ್ಟಿದ್ರಾ?"

"ಕಟ್ಟಿದೆ."

"ಹಾಲು ಬಂತಾ?"

"ಬಂತು," ಎಂದೆ.

ಹೆದರಿ ಓಡಿ ಬಂದೆ ಎನ್ನಲು ನಾಚಿಕೆ. ಅಷ್ಟೇ ಕಾರಣ, ಬೇರೇನೂ ಇರಲಿಲ್ಲ. ರಾತ್ರಿ ಮಲಗಿದಾಗ, ಅದು ಹಾಲೆಯೇ ಇರಬೇಕು, ದಾರಿಯ ಬದಿಗಿದ್ದದ್ದು ಹಾಲೆಯೇ ಅಲ್ಲವೇ, ಎಂದು ನೆನಪನ್ನು ತಿರುವಿ ತಿರುವಿ ನೋಡಿದೆ. ಮಾಷ್ಟ್ರಿಗೆ ಗೊತ್ತಾಗದೇ ಇರುತ್ತದೆಯೇ ಎಂದು ಸಮಾಧಾನ ಮಾಡಿಕೊಂಡೆ. ಅವರು ನನ್ನನ್ನು ನಂಬಿದ್ದರು, ನಾನು ಅವರನ್ನು ನಂಬಿ ಮಲಗಿದೆ.

ಬೆಳಿಗ್ಗೆ ನಮ್ಮ ಪಾಲಿನ ಕಷಾಯಕ್ಕೆ ಅಮ್ಮ ಕೊಟ್ಟ ಚೊಂಬು ಹಿಡಿದು ಮೇಲ್ಮನೆಗೆ ಹೋದಾಗ ಇನ್ನೂ ಮಬ್ಬು. ಮಾಷ್ಟ್ರು ತೊಗಟೆ ಕೊಟ್ಟು ಸ್ನಾನಕ್ಕೆ ಹೋಗಿದ್ದರು. ದೊಡ್ಡಮ್ಮ ಅರೆದು ಹಿಂಡಿ, ಬೆಂಕಿಯಲ್ಲಿ ಕಾಯಿಸಿದ ಬೆಣಚುಕಲ್ಲನ್ನು ರಸಕ್ಕೆ ಹಾಕಿದರು. ಅದು ಚುಂಯ್ ಎಂದಿತು. ಗೆಳೆಯ ಯಾವಾಗಲೂ ಮೊದಲಿಗ, ಮುಖ ಕಿವುಚದೆ ಒಂದೇ ಗುಟುಕಿಗೆ ಮುಗಿಸುವುದು ಅವನ ಹೆಚ್ಚುಗಾರಿಕೆ.

"ಈ ಸರ್ತಿ ಬೆಳ್ಪೇ ಇಲ್ಲ ರಸದಲ್ಲಿ," ಎಂದರು ದೊಡ್ಡಮ್ಮ. "ಮಳಿಗೆ ತೊಳ್ದ್ ಹೋಯ್ತಾ ಎಂತ."

ನಾನು ಅಲ್ಲಿಯೇ ನಿಂತಿದ್ದೆ, ಚೊಂಬು ಹಿಡಿದುಕೊಂಡು. ಆ ಮಾತು ನನ್ನ ಕಿವಿಗೆ ಬಿತ್ತು. ತಡಿ ಮಾರಾಯ, ಎಂದು ಒಂದು ಮಾತು ಹೇಳುವಷ್ಟು ಹೊತ್ತು ಖಂಡಿತ ಇತ್ತು...

ಗೆಳೆಯ ಕುಡಿದ. ಅಂದು ಮಾತ್ರ ಅವನ ಮುಖ ಕಿವುಚಿತು. "ಮಾಷ್ಟ್ರ ಕೈಗುಣ, ಬೋರ್ಡ್. ಎಂತ ಕಹಿ ಮಾರಾಯ," ಎಂದು ನಕ್ಕ.

ಮಾಷ್ಟ್ರು ಸ್ನಾನ ಮುಗಿಸಿ ಬಂದು ಲೋಟ ತುಟಿಗೆ ತಾಗಿಸಿದವರು ಉಗುಳಿಬಿಟ್ಟರು. ಲೋಟ ಕೆಳಗೆ ಬಿತ್ತು. "ಯಾರೂ ಕುಡೀಬೇಡಿ," ಎಂದು ಅವರು ಹೇಳುವಾಗಲೇ ಗೆಳೆಯ ಕಂಬ ಹಿಡಿದುಕೊಂಡ. ಅವನ ದವಡೆ ಬಿಗಿದಿತ್ತು. ನಂತರದ್ದನ್ನು ಹೆಚ್ಚು ಬರೆಯಲಾರೆ. ಯಾರಾದರೂ ಮುಟ್ಟಿದರೆ, ಏನಾದರೂ ಸದ್ದಾದರೆ, ಅವನ ಮೈ ಬಿಲ್ಲಿನಂತೆ ಸೆಟೆಯುತ್ತಿತ್ತು. ಎಚ್ಚರ ಪೂರ್ತಿ ಇತ್ತು. ಕಣ್ಣು ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡುತ್ತಿತ್ತು.

ಜೀಪು ತರಲು ಯಾರೋ ಓಡಿದರು. ಮಾಷ್ಟ್ರು ನನ್ನ ತೋಳು ಹಿಡಿದು ಪಿಸುಮಾತಿನಲ್ಲಿ, "ನೀವು ಹೋಗಿ ನೋಡಿ ಬನ್ನಿ. ನಾನು ಯಾವ ಮರ ಕೆತ್ತಿದೆ, ನೋಡಿ ಬನ್ನಿ," ಎಂದರು.

ಹೋದೆ. ಬೆಳಕು ಹರಿದಿತ್ತು. ಗುಂಡು ತಗಡು ನಾನು ಬಿಗಿದಲ್ಲೇ ಇತ್ತು. ಅದರ ಕೆಳಗೆ ಬೆಣಚುಕಲ್ಲು ಜಜ್ಜಿದ ಗಾಯ, ಹಾಲಿಲ್ಲದ ಒಣ ಹಳದಿ ಗಾಯ. ಮೇಲೆ ನೋಡಿದೆ. ಎದುರುಬದುರು ಎಲೆಗಳು, ಬುಡದಿಂದ ಓಡುವ ನರಗಳು. ಪೊದೆಯ ಆಚೆ, ಆ ನಾಲ್ಕು ಹೆಜ್ಜೆ ದೂರದಲ್ಲಿ, ಏಳೆಲೆಯ ಹಾಲೆ ಸುಮ್ಮನೆ ನಿಂತಿತ್ತು.

ನನ್ನ ಕೈ ತಾನಾಗಿಯೇ ತಂತಿ ಬಿಚ್ಚಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅದೂ ಸುಳ್ಳು. ಯೋಚಿಸಿಯೇ ಬಿಚ್ಚಿದೆ. ತಗಡನ್ನು ಒಯ್ದು ಹಾಲೆಗೆ ಕಟ್ಟಿದೆ. ಈಗ ಪೊದೆಗೆ ಕಾಲಿಡಲು ಭಯವೇ ಆಗಲಿಲ್ಲ. ಹಿಂದಿರುಗಿ ಬಂದು ಹೇಳಿದೆ, "ತಗಡು ಹಾಲೆಯಲ್ಲೇ ಇದೆ. ನೀವು ಕೆತ್ತಿದ್ದು ಪಕ್ಕದ್ದು."

"ಪಕ್ಕದ್ದಾ?"

"ಪಕ್ಕದ್ದು."

ಅವರು ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು. "ಕೈ ಅಂಟಲಿಲ್ಲ. ಹಾಲಾಗಿದ್ದರೆ ಬೆರಳು ಅಂಟಬೇಕಿತ್ತು. ನನಗೆ ಗೊತ್ತಾಗಬೇಕಿತ್ತು," ಎಂದರು. ತಗಡನ್ನು ಸವರಿದ್ದು ಅವರಿಗೆ ನೆನಪಿತ್ತೋ ಇಲ್ಲವೋ. ನೆನಪಿದ್ದರೂ ನನ್ನ ಮಾತಿನ ಮುಂದೆ ತಮ್ಮ ನೆನಪನ್ನೇ ಅನುಮಾನಿಸಿರಬೇಕು. ಅವರು ಅಂಥವರು.

ಜೀಪು ಬರುವಷ್ಟರಲ್ಲಿ ಗೆಳೆಯ ಹೋಗಿದ್ದ.

ಪಟೇಲರು ಬಂದು ಕೇಳಿದಾಗ ಮಾಷ್ಟ್ರು, "ನನ್ನ ಕೈ ತಪ್ಪಿತು," ಎಂದಷ್ಟೇ ಹೇಳಿದರು. ಯಾರೂ ಅವರ ಮೇಲೆ ಕೈ ಮಾಡಲಿಲ್ಲ. ಊರು ಮಾತಾಡುವುದನ್ನು ನಿಲ್ಲಿಸಿತು, ಅಷ್ಟೇ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಮಕ್ಕಳನ್ನು ಅವರೊಡನೆ ಹಾಡಿಗೆ ಕಳಿಸಲಿಲ್ಲ. ಹೋಟೆಲಿನಲ್ಲಿ ಯಾರೋ, "ಮರದ್ ಹೆಸ್ರ್ ಇಂಗ್ಲಿಷಂಗ್ ಬತ್ತ್, ಮರವೇ ಗೊತ್ತಿಲ್ಲ," ಎಂದದ್ದಕ್ಕೆ ನಾಲ್ಕು ಜನ ನಕ್ಕರು. ನಾನೂ ಆ ಬೆಂಚಿನಲ್ಲಿ ಕೂತಿದ್ದೆ.

ದೊಡ್ಡಮ್ಮ ಒಬ್ಬರೇ ಅವರನ್ನು ದೂರಲಿಲ್ಲ. "ಕತ್ತಲಿಗೆ ಯಾರಿಗ್ ತಪ್ಪುದಿಲ್ಲ. ನಾನಾರೂ ರಸ ಕಂಡಿದ್ದೆ ಅಲ್ದಾ," ಎನ್ನುತ್ತಿದ್ದರು. ತಪ್ಪನ್ನು ಹೀಗೆ ಇಬ್ಬರು ನಿರಪರಾಧಿಗಳು ತಮ್ಮತಮ್ಮೊಳಗೆ ಹಂಚಿಕೊಂಡರು. ನನ್ನ ಪಾಲನ್ನು ಯಾರೂ ಕೇಳಲಿಲ್ಲ.

ನವರಾತ್ರಿ ರಜೆಗೆ ಮುಂಚೆ ಮಾಷ್ಟ್ರು ಹಾಡಿಯ ತಗಡುಗಳನ್ನೆಲ್ಲ ಬಿಚ್ಚಿ, ಗೋಣಿಯಲ್ಲಿ ತುಂಬಿ ನನ್ನ ಅಂಗಡಿಗೆ ತಂದರು. "ಬಿಳಿ ಬಣ್ಣ ಹೊಡೆದು ಬೇರೆ ಯಾವುದಕ್ಕಾದರೂ ಬಳಸಿಕೊಳ್ಳಿ," ಎಂದರು. ಆ ವಾರವೇ ಊರು ಬಿಟ್ಟರು. ಒಣಗಿಸಿದ ಗಿಡಗಳ ಕಟ್ಟುಗಳು ಹೊರಕೋಣೆಯಲ್ಲೇ ಉಳಿದು, ಮುಂದಿನ ಮಳೆಗೆ ಗೊಬ್ಬರವಾದವು. ಗೇರು, ಹೊನ್ನೆ, ಧೂಪ, ಬ್ರೆಜಿಲ್ ಎಲ್ಲದರ ಮೇಲೆ ಬಣ್ಣ ಬಳಿದು ನಾನು ಅಂಗಡಿಗಳ ಹೆಸರು ಬರೆದೆ. ಗುಂಡು ತಗಡನ್ನು ಮಾತ್ರ ಬಳಸಲಾಗಲಿಲ್ಲ. ಸೀತಾನದಿಯ ಸಂಕದ ಮೇಲಿಂದ ಎಸೆದೆ. ಅದು ತಕ್ಷಣ ಮುಳುಗಲಿಲ್ಲ. ಮಗುಚಿಕೊಂಡು ಬಹಳ ದೂರ ತೇಲಿತು.

ಎಪ್ಪತ್ತರ ದಶಕದ ಆರಂಭದಲ್ಲಿ ಕೊಲ್ಲೂರಿನಲ್ಲಿ ಒಂದು ವಸತಿಗೃಹದ ಬೋರ್ಡು ಬರೆಯುವ ಕೆಲಸ ಸಿಕ್ಕಿತು. ಏಣಿಯ ಮೇಲೆ ನಿಂತು ಬರೆಯುತ್ತಿದ್ದೆ. ಕೆಳಗೆ ಬಾಗಿಲಲ್ಲಿ ಕೋಣೆಗಳ ಬೀಗದಕೈ ಕೊಡುತ್ತಿದ್ದವರ ತಲೆ ಪೂರ್ತಿ ನರೆತಿತ್ತು. ಧ್ವನಿಯಿಂದ ಗುರುತು ಹಿಡಿದೆ. ಅಂಗಳದಲ್ಲಿ ಒಂದು ಅಶೋಕ ಹೂ ಬಿಟ್ಟಿತ್ತು, ಕಾಂಡಕ್ಕೇ ಅಂಟಿದಂತೆ ಕೆಂಪು ಕಿತ್ತಳೆ ಗೊಂಚಲು. ಆ ಘಟ್ಟದ ಬುಡವೇ ಅದರ ತವರೆಂದು, ಒಂದು ಕಾಲದಲ್ಲಿ ನನ್ನಿಂದ ಬರೆಸಿದವರು ಅವರೇ. ಯಾತ್ರೆಗೆ ಬಂದ ಹೆಂಗಸೊಬ್ಬಳು ಅವರನ್ನು ಕೇಳಿದಳು, "ಇದು ಯಾವ ಹೂವು, ಸ್ವಾಮಿ?"

ಅವರು ಮರದ ಕಡೆ ನೋಡಲೂ ಇಲ್ಲ. "ಗೊತ್ತಿಲ್ಲ ತಾಯಿ. ಯಾರನ್ನಾದ್ರೂ ಕೇಳಿ," ಎಂದರು.

ಇಳಿದು ಬಂದೆ. ನನ್ನನ್ನು ಗುರುತಿಸಿ ಚಹಾ ತರಿಸಿದರು. ದೊಡ್ಡಮ್ಮ ಇದ್ದಾರಾ ಎಂದರು. ಹೋದ ವರ್ಷ ತೀರಿಕೊಂಡರು ಎಂದೆ. ಲೋಟ ಕೆಳಗಿಟ್ಟು, ಅವರೇ ನನಗೆ ಸಮಾಧಾನ ಹೇಳಿದರು.

"ನೀವು ಅದನ್ನ ಮನಸ್ಸಿಗೆ ಹಚ್ಕೋಬೇಡಿ. ನಿಮ್ಮ ಗೆಳೆಯ ಅಂತ ನಂಗೊತ್ತು. ಆದ್ರೆ ನೀವು ನಿಮ್ಮ ಕೆಲಸ ಸರಿಯಾಗಿ ಮಾಡಿದ್ರಿ. ತಗಡು ಸರಿಯಾದ ಮರದಲ್ಲೇ ಇತ್ತಲ್ಲ."

ನನ್ನ ಕೈಯಲ್ಲಿ ಬಣ್ಣ ಒಣಗುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದೆ. ನಿಜವಾಗಿ ತೆರೆದೆ. ಕುಂದಾಪುರದ ಬಸ್ಸು ಹಾರ್ನ್ ಹೊಡೆಯಿತು. ಅದು ಹೋದರೆ ಇನ್ನೊಂದಿತ್ತು, ನನಗೆ ಗೊತ್ತಿತ್ತು. ಆದರೂ ಬ್ರಷ್ಷುಗಳನ್ನು ಬಾಚಿಕೊಂಡು ಓಡಿದೆ, ಆ ಸಂಜೆ ಹಾಡಿಯಿಂದ ಓಡಿ ಬಂದಂತೆಯೇ. ಕೆಲವು ವರ್ಷದ ಮೇಲೆ ಮತ್ತೆ ಕೊಲ್ಲೂರಿಗೆ ಹೋದಾಗ ಆ ಬಾಗಿಲಲ್ಲಿ ಬೇರೆಯವರಿದ್ದರು. ತೀರಿಹೋದರು, ಕಡೆಗೆ ನೋಡಲು ಯಾರೂ ಬರಲಿಲ್ಲ, ಎಂದರು.

ಈ ಅಮಾವಾಸ್ಯೆಯಂದು ಬಾಟಲಿಯ ಕಷಾಯ ಹಾಗೆಯೇ ಉಳಿಯಿತು. ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಅದೇ ಹುಡುಗ ಖಾಲಿ ಬಾಟಲಿಗೆ ಬಂದ. ಹಾಡಿಯವರೆಗೆ ನನ್ನನ್ನು ಕರೆದುಕೊಂಡು ಹೋಗೆಂದು ಕೇಳಿದೆ.

"ಈ ಮಳೆಗಾ? ಎಂತಕೆ ಅಜ್ಜಯ್ಯ?"

"ಒಂದ್ ಮರ ಕಾಂಬುಕಿತ್ತ್."

ಹಾಡಿ ಈಗ ಬಹಳ ಕಿರಿದಾಗಿದೆ. ಹಾಯ್ಗುಳಿಯ ಕಲ್ಲಿಗೆ ಸಿಮೆಂಟಿನ ಕಟ್ಟೆ ಬಂದಿದೆ. ಆ ಹಾಲೆ ಇಲ್ಲ, ಯಾವಾಗಲೋ ಬೆಂಕಿಪೆಟ್ಟಿಗೆಗೆಂದು ಕಡಿದು ಒಯ್ದಿದ್ದಾರೆ. ಕಾಸರಕ ಇದೆ. ಬೊಡ್ಡೆ ನಾನು ತಬ್ಬಲಾಗದಷ್ಟು ದಪ್ಪವಾಗಿದೆ. ಆ ದಿನದ ಗಾಯ ಎಲ್ಲಿತ್ತೆಂದು ಹುಡುಕಿದೆ. ಸಿಗಲಿಲ್ಲ.

"ಇದ್ ಎಂತ ಮರ ಅಜ್ಜಯ್ಯ?" ಹುಡುಗ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದ.

ಪಾಚಿ ಸರಿಸಿ, ಹೆಬ್ಬೆರಳಿನ ಉಗುರಿನಿಂದ ತೊಗಟೆ ಕೆರೆದೆ. ಮುದಿ ಉಗುರು, ಸೀಳಿತು. ಆದರೂ ಹಸಿ ಕಾಣುವವರೆಗೆ ಕೆರೆದೆ. ಒಳಗೆ ಒಣ ಹಳದಿ. ಕಾದೆ. ಮಳೆ ಮತ್ತೆ ಜೋರಾಗುತ್ತಿದೆ ಎಂದು ಹುಡುಗ ಎರಡು ಸಲ ಹೇಳಿದ. ಆದರೂ ಕಾದೆ...

ಹಾಲು ಬರಲಿಲ್ಲ, ಮಾಷ್ಟ್ರೇ.